ಬಯಾಪ್ಸಿಗೆ ಮೊದಲಿನ ಸ್ಟೀರಾಯ್ಡ್: ಮಿದುಳು, ಬೆನ್ನುಹುರಿಯ ಲಿಂಫೋಮಾ ಕುರಿತು ಒಂದು ವಾದ

ದೇಹದ ಬೇರೆಲ್ಲೂ ಇಲ್ಲದೆ ಮಿದುಳು, ಬೆನ್ನುಹುರಿ, ಅವುಗಳ ಪೊರೆ ಮತ್ತು ಕಣ್ಣಿನಲ್ಲಷ್ಟೇ ಕಾಣಿಸಿಕೊಳ್ಳುವ ಲಿಂಫೋಮಾಗಳಲ್ಲಿ ಹತ್ತಕ್ಕೆ ಒಂಬತ್ತು ಬಿ-ಕೋಶದವು. ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಚಿಕಿತ್ಸೆಯ ಮೂಲಾಧಾರ. ಅದರ ಜೊತೆಗೆ ಇಡೀ ಮಿದುಳಿಗೆ ವಿಕಿರಣ ಬೇಕೇ ಎಂಬ ಚರ್ಚೆ, 551 ರೋಗಿಗಳನ್ನು ಸೇರಿಸಿಕೊಂಡು 2010ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದ ನಂತರವೂ ಮುಗಿದಿಲ್ಲ. ಇವೆಲ್ಲ ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ. ನಾನು ಹೇಳಬೇಕಾದದ್ದು ಚಿಕಿತ್ಸೆಗಿಂತ ಹಿಂದಿನ ಮಾತು: ರೋಗ ಯಾವುದೆಂದು ಗೊತ್ತಾಗುವ ಮೊದಲೇ ಕೊಡುವ ಸ್ಟೀರಾಯ್ಡ್.

ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಿದುಳಿನ ಬಾವನ್ನು ಇಳಿಸುತ್ತದೆ. ಆದರೆ ಲಿಂಫೋಮಾದಲ್ಲಿ ಅದು ಗಡ್ಡೆಯ ಕೋಶಗಳನ್ನೇ ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ಎಂಆರ್‌ಐಯಲ್ಲಿ ಗಡ್ಡೆ ಕರಗಿದಂತೆ ಕಾಣಬಹುದು. ಆಗ ಸೂಜಿ ಹಾಕಿದರೆ ಸಿಗುವುದು ಸತ್ತ ಕೋಶಗಳು, ಅವನ್ನು ನುಂಗಲು ಬಂದ ಮ್ಯಾಕ್ರೊಫೇಜ್‌ಗಳು, ಒಂದಿಷ್ಟು ಉರಿಯೂತ. ರೋಗಶಾಸ್ತ್ರಜ್ಞರು ನಿರ್ಣಯಕ್ಕೆ ಬರಲಾರರು. ಗಡ್ಡೆ ಮಾತ್ರ ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ, ಎಷ್ಟೋ ಸಲ ಬೇರೆ ಜಾಗದಲ್ಲಿ. ಭಾರತದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇಲ್ಲಿ ಕ್ಷಯದ ಗಂಟು ಸಾಮಾನ್ಯ. ಬಯಾಪ್ಸಿ ಇಲ್ಲದೆ ಕ್ಷಯದ ಔಷಧಿಯ ಜೊತೆ ಸ್ಟೀರಾಯ್ಡ್ ಶುರುವಾದರೆ ಲಿಂಫೋಮಾ ರೋಗಿಯೂ ಚೇತರಿಸಿಕೊಳ್ಳುತ್ತಾನೆ, ಆ ಚೇತರಿಕೆಯೇ ಕ್ಷಯಕ್ಕೆ ಸಾಕ್ಷಿ ಎನಿಸಿಕೊಳ್ಳುತ್ತದೆ. ಬೆನ್ನುಹುರಿಯಲ್ಲೂ ಇದೇ ಕಥೆ. ಅಲ್ಲಿನ ಲಿಂಫೋಮಾ ಅತಿ ವಿರಳ. ಮೈಲೈಟಿಸ್ ಎಂದು ಭಾವಿಸಿ ಮೀಥೈಲ್‌ಪ್ರೆಡ್ನಿಸೊಲೋನ್ ಹನಿಸಿದಾಗ ಕಾಲಿಗೆ ಬಲ ಬರುತ್ತದೆ, ತಪ್ಪು ನಿರ್ಣಯ ಗಟ್ಟಿಯಾಗುತ್ತದೆ.

ಇದನ್ನು ಒಪ್ಪದವರು ಕೆಲವು ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಮುಂದಿಡುತ್ತಾರೆ: ಸ್ಟೀರಾಯ್ಡ್ ಪಡೆದವರಲ್ಲೂ ಹೆಚ್ಚಿನವರಿಗೆ ಬಯಾಪ್ಸಿಯಿಂದ ಉತ್ತರ ಸಿಕ್ಕಿದೆ, ಆದ್ದರಿಂದ ಈ ಭಯ ಅತಿಯಾಯಿತು ಎನ್ನುತ್ತಾರೆ. ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅವುಗಳ ತಳಹದಿಯನ್ನು ಪ್ರಶ್ನಿಸುತ್ತೇನೆ. ಅಂಥ ಪಟ್ಟಿಗೆ ಸೇರುವವರು ಕೊನೆಗೆ ಲಿಂಫೋಮಾ ಎಂದು ಖಚಿತವಾದವರು. ಗಡ್ಡೆ ಕರಗಿತೆಂದು ಬಯಾಪ್ಸಿಯನ್ನೇ ಕೈಬಿಟ್ಟವರು, ಕ್ಷಯವೆಂದೇ ತೀರಿಕೊಂಡವರು ಅದರಲ್ಲಿ ಇಲ್ಲ. ಸೋತವರನ್ನು ಬಿಟ್ಟು ಗೆದ್ದವರನ್ನಷ್ಟೇ ಎಣಿಸಿದ ಲೆಕ್ಕ ನಿರ್ಭಯಕ್ಕೆ ಆಧಾರವಾಗದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ತಲೆಯೊಳಗಿನ ಒತ್ತಡ ಏರಿ ಪ್ರಜ್ಞೆ ತಪ್ಪುತ್ತಿರುವವರನ್ನು ಕಾಯಿಸುವುದು ಹೇಗೆ? ಕಾಯಿಸಬಾರದು. ಜೀವ ಮೊದಲು, ಸ್ಟೀರಾಯ್ಡ್ ಕೊಡಿ, ಆದಷ್ಟು ಬೇಗ ಬಯಾಪ್ಸಿ ಮಾಡಿಸಿ. ನನ್ನ ವಿರೋಧ, ಸ್ಥಿರವಾಗಿರುವ ರೋಗಿಗೂ ಸ್ಕ್ಯಾನ್ ನೋಡಿದೊಡನೆ ಬರೆದುಬಿಡುವ ಅಭ್ಯಾಸಕ್ಕೆ. ಬೆನ್ನುಹುರಿ ದ್ರವದಲ್ಲಿ ಎಂವೈಡಿ88 ವಂಶವಾಹಿಯ ಬದಲಾವಣೆ ಹುಡುಕುವ ಪರೀಕ್ಷೆ ಬಂದಿದೆ, ಸೂಜಿ ತಲುಪದ ಕಡೆ ಅದು ದೊಡ್ಡ ನೆರವು. ಆದರೆ ಅದರಲ್ಲಿ ಏನೂ ಕಾಣಲಿಲ್ಲವೆಂದು ಲಿಂಫೋಮಾ ಇಲ್ಲವೆನ್ನಲಾಗದು.

ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ವೈದ್ಯಮಿತ್ರರಲ್ಲಿ ಒಂದು ವಿನಂತಿ. ಮಿದುಳಿನಲ್ಲಿ ಗಡ್ಡೆ ಕಂಡವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಸ್ಟೀರಾಯ್ಡ್ ಕೊಟ್ಟಿದ್ದೀರೋ ಇಲ್ಲವೋ, ಕೊಟ್ಟಿದ್ದರೆ ಯಾವತ್ತಿನಿಂದ, ಎಷ್ಟು ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ. ಕೊಡುವ ಮೊದಲು ತೆಗೆಸಿದ ಸ್ಕ್ಯಾನನ್ನು ರೋಗಿಯ ಕೈಯಲ್ಲೇ ಕಳಿಸಿ.