ಹತ್ತಿಕಾಳಿನ ದಾಸ್ತಾನು: ಅಟ್ಟದಿಂದ ಗಿರಣಿಯ ಅಂಗಳಕ್ಕೆ



ಹತ್ತಿ ಎಂದೊಡನೆ ಎಲ್ಲರ ಗಮನ ಅರಳೆಯ ಕಡೆಗೇ ಹೋಗುತ್ತದೆ. ಆದರೆ ಒಂದು ಕ್ವಿಂಟಾಲ್ ಹತ್ತಿಯನ್ನು ಜಿನ್ ಮಾಡಿಸಿದರೆ ಸಿಗುವ ಅರಳೆ ಸುಮಾರು 33ರಿಂದ 35 ಕಿಲೋ ಮಾತ್ರ. ಸ್ವಲ್ಪ ಕಸಕಡ್ಡಿ ಬಿಟ್ಟರೆ ಉಳಿದುದೆಲ್ಲ ಕಾಳೇ. ತೂಕದ ಲೆಕ್ಕದಲ್ಲಿ ನೋಡಿದರೆ ಹತ್ತಿ ಬೆಳೆಯುವ ರೈತನು ನೂಲಿಗಿಂತ ಹೆಚ್ಚಾಗಿ ಕಾಳನ್ನೇ ಬೆಳೆಯುತ್ತಾನೆ. ಪೇಟೆಯಲ್ಲಿ ಹತ್ತಿಯ ದರ ಕಟ್ಟುವಾಗ ವ್ಯಾಪಾರಿಯು ಕಾಳಿನ ಬೆಲೆಯನ್ನೂ ಮನಸ್ಸಿನಲ್ಲಿ ಕೂಡಿಸಿಯೇ ಇರುತ್ತಾನೆ. ಲೆಕ್ಕ ಹಾಕದವನು ರೈತನೊಬ್ಬನೇ.

1950-51ರಲ್ಲಿ ಭಾರತದ ಅರಳೆ ಉತ್ಪನ್ನ ಸುಮಾರು 30 ಲಕ್ಷ ಬೇಲು, ಬೇಲೊಂದಕ್ಕೆ 170 ಕಿಲೋ. ಒಂದು ಬೇಲು ಅರಳೆಯ ಹಿಂದೆ ಮೂರು ಕ್ವಿಂಟಾಲಿಗೂ ಮಿಕ್ಕಿ ಕಾಳು ಬರುವುದರಿಂದ ಆ ವರ್ಷದ ಕಾಳು ಅಂದಾಜು 10 ಲಕ್ಷ ಟನ್ನು. 2013-14ರಲ್ಲಿ ಅರಳೆ 350 ಲಕ್ಷ ಬೇಲನ್ನು ಮೀರಿತು. ಅದರೊಡನೆ ಕಾಳೂ 110 ಲಕ್ಷ ಟನ್ನಿನ ಆಚೆ ಹೋಯಿತು. ಇಷ್ಟು ಕಾಳು ಎಲ್ಲಿರುತ್ತದೆ, ಯಾರ ಕೈಯಲ್ಲಿರುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಮಾತು.

ಹಿಂದೆ ಅದು ರೈತನ ಅಟ್ಟದಲ್ಲಿತ್ತು. ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ಜಯಧರ ಬೆಳೆಯುತ್ತಿದ್ದ ಮನೆಗಳಲ್ಲಿ ಒಳ್ಳೆಯ ಕಾಳನ್ನು ಬಿತ್ತನೆಗೆಂದು ಬೇರೆ ಇಡುತ್ತಿದ್ದರು. ಬಿತ್ತುವಾಗ ನವಿರು ಅಂಟಿಕೊಳ್ಳಲೆಂದು ಸಗಣಿ ಮಣ್ಣಿನಲ್ಲಿ ಉಜ್ಜುತ್ತಿದ್ದರು. ಉಳಿದುದನ್ನು ನೆನೆಸಿ, ರುಬ್ಬಿ ಎಮ್ಮೆಗೂ ಎತ್ತಿಗೂ ಹಾಕುತ್ತಿದ್ದರು. ಆಮೇಲೆ ಎಣ್ಣೆ ಗಿರಣಿಗಳೂ ವನಸ್ಪತಿ ಕಾರ್ಖಾನೆಗಳೂ ಕಾಳನ್ನು ಕೇಳತೊಡಗಿದವು. ಕಾಳು ಗಿರಣಿಗೆ ಹೋಗಿ ಹಿಂಡಿಯಾಗಿ ಮರಳಿ ಊರಿಗೆ ಬಂತು, ಈ ಸಲ ಹಣಕ್ಕೆ.

ಬಿತ್ತನೆ ಕಾಳಿನ ಕಥೆ ಬೇರೆ. 1970ರಲ್ಲಿ ಸೂರತ್ತಿನಲ್ಲಿ ಡಾ. ಸಿ. ಟಿ. ಪಟೇಲರ ಎಚ್-4, 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರ ವರಲಕ್ಷ್ಮಿ ಬಂದವು. ಸಂಕರಣದ ಕಾಳನ್ನು ಮತ್ತೆ ಬಿತ್ತಿದರೆ ಗುಣ ಒಡೆಯುತ್ತದೆ. ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ನಂತರ ಅಟ್ಟದಲ್ಲಿ ಉಳಿದಿದ್ದ ಬಿತ್ತನೆ ಕಾಳೂ ಬಹುಮಟ್ಟಿಗೆ ಮಾಯವಾಯಿತು. ಇಳುವರಿ ಬಂತು, ಸರಿ. ಆದರೆ ಬಿತ್ತನೆಯ ದಾಸ್ತಾನಿನ ಬೀಗದ ಕೈ ರೈತನ ಸೊಂಟದಿಂದ ಜಾರಿಹೋಯಿತು ಎಂಬುದೂ ಅಷ್ಟೇ ನಿಜ.

ಇನ್ನು ಗಿರಣಿಯ ದಾಸ್ತಾನು. ಜೋಳದಂತೆ ಇದನ್ನು ಹಗೇವಿನಲ್ಲಿ ಹಾಕಿ ಎರಡು ವರ್ಷ ಇಡಲಾಗದು. ತೇವಾಂಶ ಶೇಕಡಾ 10 ದಾಟಿದರೆ ರಾಶಿಯೊಳಗೆ ಕಾವು ಹುಟ್ಟುತ್ತದೆ, ಎಣ್ಣೆ ಹುಳಿಯುತ್ತದೆ, ಮೊಳಕೆಯ ಶಕ್ತಿ ಕುಂದುತ್ತದೆ. ಆದ್ದರಿಂದ ಒಂದು ವರ್ಷದ ಸಮೃದ್ಧಿ ಮುಂದಿನ ವರ್ಷದ ಕೊರತೆಯನ್ನು ಹೆಚ್ಚಾಗಿ ತುಂಬುವುದಿಲ್ಲ. ಅಕ್ಟೋಬರಿನಲ್ಲಿ ಆರಂಭವಾಗುವ ವರ್ಷದಲ್ಲಿ ರಾಶಿ ಜನವರಿಯ ಸುಮಾರಿಗೆ ಗುಡ್ಡದಂತಿರುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ, ಸೆಪ್ಟೆಂಬರಿಗೆ ನೆಲ ಕಾಣುತ್ತದೆ. ಹಸಿ ಮೇವು ಇಲ್ಲದ ಬೇಸಿಗೆಯಲ್ಲಿಯೇ ಹಿಂಡಿಗೆ ಬೇಡಿಕೆ ಏರುವುದು ಹೈನುಗಾರರಿಗೆ ಗೊತ್ತಿದ್ದ ಸಂಗತಿ.

ಈ ರಾಶಿಯಲ್ಲಿ ಕಾಳಿನ ಜೊತೆಗೆ ಇನ್ನೊಂದು ದಾಸ್ತಾನು ಇರುತ್ತದೆ: ಗುಲಾಬಿ ಕಾಯಿಕೊರಕ. ಹಂಗಾಮಿನ ಕೊನೆಯಲ್ಲಿ ಇದರ ಮರಿಹುಳು ಕಾಳಿನೊಳಗೆ ಸೇರಿ, ಕೆಲವೊಮ್ಮೆ ಎರಡು ಕಾಳುಗಳನ್ನು ಜೋಡಿಸಿಕೊಂಡು, ತಿಂಗಳುಗಟ್ಟಲೆ ನಿದ್ರಿಸುತ್ತದೆ. ಇದನ್ನು ವಿಜ್ಞಾನಿಗಳು ಮೊದಲು ವರ್ಣಿಸಿದ್ದು 1843ರಲ್ಲಿ, ಭರೂಚಿನಿಂದ ಹೋದ ಮಾದರಿಗಳಿಂದ. ಈಜಿಪ್ಟಿನಿಂದ ತಂದ ಕಾಳಿನ ಮೂಲಕ 1911ರಲ್ಲಿ ಅದು ಮೆಕ್ಸಿಕೋ ಸೇರಿತು, 1917ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಾಣಿಸಿತು. ಸಮುದ್ರ ದಾಟಿದ್ದು ರೆಕ್ಕೆಯಿಂದಲ್ಲ, ಚೀಲದಲ್ಲಿ ಕುಳಿತು! ಈಜಿಪ್ಟಿನಲ್ಲಿ ಜಿನ್ನಿನಿಂದ ಹೊರಬರುವ ಕಾಳನ್ನು ಕಾಯಿಸಿ ಹುಳು ಕೊಲ್ಲುವುದನ್ನು ಕಡ್ಡಾಯ ಮಾಡಿದರು. ಅಮೆರಿಕ ಸಂಯುಕ್ತ ಸಂಸ್ಥಾನವು ಬಹುಕಾಲ ಹೋರಾಡಿ 2018ರಲ್ಲಿ ತನ್ನ ಹತ್ತಿ ಪ್ರದೇಶಗಳಿಂದ ಇದು ನಿರ್ಮೂಲವಾಯಿತೆಂದು ಸಾರಿತು. ಭಾರತದಲ್ಲಾದರೋ ಒಂದು ಜೀನಿನ ಬಿ.ಟಿ. ಹತ್ತಿಗೆ ಈ ಹುಳು ನಿರೋಧ ಗಳಿಸಿದೆಯೆಂಬ ವರದಿ 2010ರಲ್ಲಿ ಗುಜರಾತಿನಿಂದ ಬಂತು. ಮುಂದೆ ಎರಡು ಜೀನಿನ ತಳಿಗಳನ್ನೂ ಅದು ಬಿಡಲಿಲ್ಲ.

ಆದುದರಿಂದ ಕಾಳಿನ ರಾಶಿ ಬೇಸಿಗೆ ದಾಟಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಎಣ್ಣೆ ವ್ಯಾಪಾರಿಯ ಚಿಂತೆ ಮಾತ್ರವಲ್ಲ. ಜಿನ್ನಿನ ಅಂಗಳದಲ್ಲಿ ಉಳಿದ ಕಾಳು ಮತ್ತು ಕಸದಿಂದ ಮಳೆ ಬಿದ್ದೊಡನೆ ಪತಂಗಗಳು ಹೊರಟು ಸುತ್ತಲಿನ ಹೊಲಗಳಿಗೆ ಹೋಗುತ್ತವೆ. ಜಿನ್ನಿಗೆ ಹತ್ತಿರದ ಹೊಲದವರು ಮೊದಲು ಪೆಟ್ಟು ತಿನ್ನುವುದು ಇದರಿಂದ.

ಒಳ್ಳೆಯ ದರ ಬರಲೆಂದು ಹತ್ತಿಯನ್ನು ಮನೆಯಲ್ಲೇ ರಾಶಿ ಹಾಕಿ ಕಾಯುವ ರೈತರು ಬಹಳ. ಸಾಲದ ಕಂತು ಕುತ್ತಿಗೆಗೆ ಬಂದಿರುವಾಗ ಅವರನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಆದರೆ ಪಡಸಾಲೆಯ ಆ ರಾಶಿಯೂ ಹುಳುವಿನ ದಾಸ್ತಾನೇ. ಇಡಲೇಬೇಕಾದರೆ ಚೆನ್ನಾಗಿ ಒಣಗಿಸಿದ ಹತ್ತಿಯನ್ನು ಮಾತ್ರ ಇಡಬೇಕು. ಕೊನೆಯ ಬಿಡುಗೆಯ ಹುಳುಕು ಹತ್ತಿಯನ್ನು ಬೇರೆ ಮಾಡಿ ಮೊದಲೇ ಮಾರಬೇಕು. ಕೋಣೆಯ ಕಿಟಕಿಗೆ ಬಲೆ ಹಾಕಿ ಒಂದೆರಡು ಲಿಂಗಾಕರ್ಷಕ ಬಲೆಗಳನ್ನು ತೂಗಬೇಕು. ಹೇಗಿದ್ದರೂ ಮುಂಗಾರಿಗೆ ಮುನ್ನ ರಾಶಿ ಮನೆ ಬಿಡಬೇಕು. ಡಿಸೆಂಬರಿನ ನಂತರ ನೀರು ಕೊಟ್ಟು ಬೆಳೆ ಎಳೆಯದೆ, ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ಪುಡಿ ಮಾಡಿಸಿ ಹೊಲಕ್ಕೆ ಸೇರಿಸಬೇಕು.

ದನಗಳಿಗೆಂದು ಕಾಳು ಇಟ್ಟುಕೊಳ್ಳುವವರು ಬೂಸಲು ಹಿಡಿದುದನ್ನು ಹಾಕಬಾರದು. ಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತುವನ್ನು ಬೆಳೆದ ದನ ತಾಳಿಕೊಳ್ಳುತ್ತದೆ, ಎಳೆಗರು ಮತ್ತು ಕೋಳಿ ತಾಳವು. ಗಿರಣಿಯ ಕಾಳನ್ನು ಅಗ್ಗವೆಂದು ಬಿತ್ತನೆಗೆ ತರುವುದೂ ಬೇಡ. ಬಿತ್ತನೆ ತಳಿಗಳಿಗೆ ಶೇಕಡಾ 65 ಮೊಳಕೆ ಇರಬೇಕೆಂಬ ನಿಯಮ ಗಿರಣಿಯ ರಾಶಿಗೆ ಅನ್ವಯಿಸುವುದಿಲ್ಲ.