ಮನಸ್ಸಿನ ಬಲ

ಬೆಳಗಿನ ಹೊತ್ತು. ಕೊಳಾಯಿಯಲ್ಲಿ ನೀರು ನಿಂತುಹೋಗಿದೆ. ಮಗುವಿಗೆ ಮೈ ಬಿಸಿ. ಯಜಮಾನರಿಗೆ ಕಚೇರಿಯ ವೇಳೆಯಾಗುತ್ತಿದೆ. ಅದೇ ಗಳಿಗೆಗೆ ಬಾಗಿಲಲ್ಲಿ ನೆಂಟರು. ಆಗ ಯಾರಾದರೂ ಬಂದು "ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಿ" ಎಂದರೆ ನಮಗೆ ನಗು ಬರುತ್ತದೆ, ಇಲ್ಲವೆ ಸಿಟ್ಟು ಬರುತ್ತದೆ. ಶಾಂತಿಯೆಂಬುದು ಬೆಟ್ಟದ ಮೇಲೋ ನದಿಯ ದಡದಲ್ಲೋ ಸಿಕ್ಕುವ ವಸ್ತು, ಸಂಸಾರಿಗಳ ಪಾಲಿನದಲ್ಲ ಎಂದು ನಮ್ಮಲ್ಲಿ ಅನೇಕರ ತೀರ್ಮಾನ.

ಈ ವಿಷಯದಲ್ಲಿ ನನಗೆ ಪಾಠ ಕಲಿಸಿದವರು ನಮ್ಮ ತಾಯಿ. ನಾನು ಹತ್ತು ವರ್ಷದವನಾಗಿದ್ದಾಗ ನನ್ನ ತಮ್ಮ ಎರಡೇ ದಿನದ ಜ್ವರದಲ್ಲಿ ತೀರಿಕೊಂಡ. ಮರುದಿನ ಇನ್ನೂ ಬೆಳಕು ಹರಿದಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಕೂಗಿತು. ತಾಯಿ ಎದ್ದು ಚೊಂಬನ್ನು ಕೈಗೆತ್ತಿಕೊಂಡರು.

"ಇವತ್ತೊಂದು ದಿನ ಬೇರೆ ಯಾರಾದರೂ ಕರೆಯಲಿ. ನೀನು ಮಲಗಮ್ಮ" ಎಂದರು ಅಜ್ಜಿ.

"ಅದಕ್ಕೆ ನಮ್ಮ ದುಃಖ ಹೇಗೆ ಗೊತ್ತಾಗಬೇಕು ಅತ್ತೆ? ಕೆಚ್ಚಲು ಬಿಗಿದು ನೋಯುತ್ತಿರುತ್ತದೆ."

ಅಜ್ಜಿ ಮತ್ತೆ ಮಾತಾಡಲಿಲ್ಲ. ಲಾಟೀನು ಹಿಡಿದು ಜೊತೆಗೆ ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಾಯಿ ಹಸುವಿನ ಪಕ್ಕೆಗೆ ಹಣೆಯೊತ್ತಿ ಅಳುತ್ತಿದ್ದರು. ಹಾಲು ಕರೆಯುವ ಕೈ ಮಾತ್ರ ನಿಲ್ಲಲಿಲ್ಲ. ಅವರ ಎದೆ ಕಲ್ಲೆಂದು ನಾನು ಆಗ ತಿಳಿದೆ. ಹಾಗಲ್ಲವೆಂದು ಅರ್ಥವಾಗಲು ನಾನೂ ಸಂಸಾರಸ್ಥನಾಗಬೇಕಾಯಿತು. ದುಃಖ ಅವರನ್ನು ಬಿಟ್ಟಿರಲಿಲ್ಲ. ಅದರ ನಡುವೆ ಕಾಲೂರಿ ನಿಲ್ಲಲು ಅಂಗೈಯಗಲದ ನೆಲವೊಂದು ಅವರಿಗೆ ಸಿಕ್ಕಿತ್ತು.

ಹೀಗೆ ದುಃಖವನ್ನು ಹೊತ್ತುಕೊಂಡೇ ಕೆಲಸಕ್ಕೆ ನಿಂತವರು ನಾಡಿನ ಹಿರಿಯರಲ್ಲೂ ಇದ್ದರು. ಡಿ. ವಿ. ಗುಂಡಪ್ಪನವರು 1887 ರಲ್ಲಿ ಹುಟ್ಟಿದವರು. 1924 ರಲ್ಲಿ ಅವರ ಪತ್ನಿ ತೀರಿಕೊಂಡರು. ಮನೆಯಲ್ಲಿ ಮಕ್ಕಳು, ಕೈಯಲ್ಲಿ ಪತ್ರಿಕೆಯ ಕೆಲಸ. ಅವರು ಮತ್ತೆ ಮದುವೆಯಾಗಲಿಲ್ಲ. ಲೋಕವನ್ನು ಬಿಟ್ಟೂ ಹೋಗಲಿಲ್ಲ. 1943 ರಲ್ಲಿ 'ಮಂಕುತಿಮ್ಮನ ಕಗ್ಗ' ಹೊರಬಂತು. 1945 ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭವಾಯಿತು. 1970 ರಲ್ಲಿ ಜನರು ಗೌರವದಿಂದ ಅರ್ಪಿಸಿದ ನಿಧಿಯನ್ನೂ ಅವರು ಆ ಸಂಸ್ಥೆಗೇ ಒಪ್ಪಿಸಿದರು. ಬಾಳಿನ ನೋವನ್ನು ಬಲ್ಲವರಾದ್ದರಿಂದಲೇ ಅವರ ಮಾತು ಇಂದಿಗೂ ನಮ್ಮ ಮನೆಗಳಲ್ಲಿ ಸಲ್ಲುತ್ತಿದೆ.

ಅಳು ಬಂದರೆ ಅಳಬಾರದೆಂದು ನಾನು ಹೇಳುತ್ತಿಲ್ಲ. ಒಬ್ಬರೇ ಎಲ್ಲವನ್ನೂ ಹೊರಬೇಕೆಂದೂ ಹೇಳುತ್ತಿಲ್ಲ. ಲಾಟೀನು ಹಿಡಿಯುವ ಒಂದು ಕೈ ಬೇಕೇ ಬೇಕು, ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಸಲ್ಲದು. ಆದರೆ ಮನಸ್ಸು ಕದಡಿದಾಗ ನಾಳೆಯ ಹತ್ತು ಚಿಂತೆಗಳನ್ನು ಒಟ್ಟಿಗೆ ಎಳೆದುಕೊಳ್ಳದೆ, ಈಗ ಕೈಗೆ ಬಂದಿರುವ ಒಂದು ಕೆಲಸವನ್ನು, ಅದು ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವುದೇ ಆಗಲಿ, ಪೂರ್ಣ ಮನಸ್ಸಿನಿಂದ ಮಾಡಿ ನೋಡೋಣ. ಅದು ಮುಗಿಯುವ ಹೊತ್ತಿಗೆ ಉಸಿರು ತಾನಾಗಿ ಸ್ವಲ್ಪ ನಿಧಾನವಾಗಿರುತ್ತದೆ. ನೆಂಟರು ಬಂದಿದ್ದರೆ ಅವರಿಗೊಂದು ಬಿಂದಿಗೆ ಕೊಟ್ಟು ನೀರಿಗೆ ಕಳಿಸೋಣ. ಅವರೂ ಮನೆಯವರೇ ಅಲ್ಲವೆ?