ಮನುಷ್ಯರನ್ನು ಸೇದಿದ ಎಂಜಿನ್

ಅಕ್ಕಂದಿರೇ, ನಾವು ಬಾವಿಯಿಂದ ನೀರು ಸೇದುತ್ತೇವೆ. ನಮ್ಮ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಮನುಷ್ಯರನ್ನೇ ಸೇದುತ್ತಿದ್ದರು! ಹೇಗೆ ಗೊತ್ತಾ?

ಎಂಜಿನ್ ಮನೆಯಲ್ಲಿ ದೊಡ್ಡ ಉರುಳೆ. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ ಎತ್ತರದ ರಾಟೆಯ ಮೇಲೆ ಹಾದು ಗಣಿಯೊಳಗೆ ಇಳಿಯುತ್ತಿತ್ತು. ಹಗ್ಗದ ತುದಿಗೆ ಕಬ್ಬಿಣದ ಪಂಜರ. ಅದರಲ್ಲಿ ನಿಂತು ನಮ್ಮ ಗಂಡಸರು ಕೆಲಸಕ್ಕೆ ಇಳಿಯೋರು. ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು!

ಮೊದಲು ಇದ್ದದ್ದು ಹಬೆ ಎಂಜಿನ್. ಬಾಯ್ಲರಿನ ಬೆಂಕಿ ಆರುವಂತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಗಣಿಗಳಿಗೆ ಕರೆಂಟು ಬಂತು.

ಎಂಜಿನ್ ಓಡಿಸುವವರಿಗೆ ಕೆಳಗಿನವರು ಕಾಣುತ್ತಿರಲಿಲ್ಲ. ಗಂಟೆಯ ಸದ್ದೇ ಮಾತು. ಇಷ್ಟು ಸಲ ಬಡಿದರೆ ಎತ್ತು, ಇಷ್ಟು ಸಲ ಬಡಿದರೆ ಇಳಿಸು. ಎಣಿಕೆ ತಪ್ಪಿದರೆ ಜೀವಕ್ಕೇ ಕುತ್ತು.

2001ರಲ್ಲಿ ಗಣಿ ಮುಚ್ಚಿತು. ಆ ಗಂಟೆ ಎಣಿಸಿದವರು ನಿಮ್ಮ ಬೀದಿಯಲ್ಲೇ ಇದ್ದಾರು. ಕೇಳಿ, ಬರೆದಿಡಿ.